ಹಳೆ ಟ್ರ್ಯಾಕ್ಟರ್‌ನ ಡೀಸೆಲ್ ಪಂಪ್ ಸೋರಿಕೆ, ಸೀಲ್ ಕಿಟ್ ಬದಲಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಮುಖ್ಯವಾಗಿ ಡಿಪಿಎ ಹೆಸರಿನ ರೋಟರಿ ಪಂಪ್‌ಗೆ ಸಂಬಂಧಿಸಿದವು. ಸಿಂಪ್ಸನ್ ಕಂಪನಿಯ ಮೂರು ಸಿಲಿಂಡರ್ ಎಂಜಿನ್ ಇರುವ ಹಳೆ ಮ್ಯಾಸಿ ಟ್ರ್ಯಾಕ್ಟರ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ. ಕಲಬುರಗಿಯ ತೊಗರಿ ಹೊಲ, ಬೀದರ್ ಕಡೆಯ ಕಬ್ಬಿನ ಟ್ರಾಲಿ, ಶಹಾಪುರ-ಸುರಪುರದ ಕಾಲುವೆ ಕೆಳಗಿನ ಗದ್ದೆ, ಎಲ್ಲ ಕಡೆ ಇವು ಇನ್ನೂ ದುಡಿಯುತ್ತಿವೆ. ಇನ್‌ಲೈನ್ ಪಂಪ್ ಇರುವವರಿಗೆ ಬೇರೆಯಾಗಿ ಒಂದು ಉತ್ತರ ಮುಂದೆ ಇದೆ.

ನಮ್ಮ ಟ್ರ್ಯಾಕ್ಟರ್‌ದಾಗ ಯಾವ ಪಂಪ್ ಅದ ಅಂತ ಹ್ಯಾಂಗ ಗೊತ್ತಾಗ್ತದ?

ಇಂಜೆಕ್ಟರ್‌ಗೆ ಹೋಗುವ ಸಣ್ಣ ಉಕ್ಕಿನ ಪೈಪ್‌ಗಳನ್ನು ಪಂಪ್ ಕಡೆ ಹಿಂಬಾಲಿಸಿ. ಪೈಪ್‌ಗಳು ಒಂದೇ ಸಾಲಿನಲ್ಲಿ ಪಂಪಿನ ತಲೆಯ ಮೇಲೆ ಕೂತಿದ್ದರೆ ಅದು ಇನ್‌ಲೈನ್. ದುಂಡನೆಯ ಪಂಪಿನ ಸುತ್ತಲೂ ಹರಡಿಕೊಂಡು ಕೂತಿದ್ದರೆ ಅದು ರೋಟರಿ. ಪಂಪಿನ ಪಕ್ಕದಲ್ಲಿ ಒಂದು ಲೋಹದ ಪಟ್ಟಿ ಇರುತ್ತದೆ. ಅದರಲ್ಲಿ ಡಿಪಿಎ ಎಂಬ ಅಕ್ಷರ, ಪಂಪ್ ನಂಬರ್, ಸೆಟ್ಟಿಂಗ್ ಕೋಡ್ ಮತ್ತು ತಿರುಗುವ ದಿಕ್ಕಿನ ಬಾಣ ಇರುತ್ತವೆ. ಪಟ್ಟಿಯನ್ನು ವೈರ್ ಬ್ರಷ್‌ನಿಂದ ಉಜ್ಜಬೇಡಿ, ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿ ಫೋಟೊ ತೆಗೆದಿಟ್ಟುಕೊಳ್ಳಿ. ಕಿಟ್ ತರಿಸುವಾಗಲೂ ಟೆಸ್ಟ್ ಬೆಂಚ್‌ಗೆ (ಪಂಪ್ ಓಡಿಸಿ ಅಳೆದು ನೋಡುವ ಯಂತ್ರ) ಕೊಡುವಾಗಲೂ ಮೊದಲು ಕೇಳುವುದು ಆ ನಂಬರ್.

ಡಿಪಿಎಯಲ್ಲೂ ಎರಡು ಬಗೆ: ಒಳಗೆ ತೂಕದ ಗುಂಡುಗಳಿಂದ ನಡೆಯುವ ಮೆಕ್ಯಾನಿಕಲ್ ಗವರ್ನರ್ ಇರುವ ಉದ್ದನೆಯ ಪಂಪ್, ಹೈಡ್ರಾಲಿಕ್ ಗವರ್ನರ್ ಇರುವ ಗಿಡ್ಡ ಪಂಪ್. ಗವರ್ನರ್ ಅಂದರೆ ಎಂಜಿನ್ ವೇಗ ಹತೋಟಿಯಲ್ಲಿಡುವ ಭಾಗ. ಟ್ರ್ಯಾಕ್ಟರ್‌ನಲ್ಲಿ ಹೆಚ್ಚಾಗಿ ಮೊದಲನೆಯದು. ಕೆಳಗಿನ ವಿವರಗಳೂ ಅದರವೇ.

ಪಂಪ್ ತುಂಬಾ ಡೀಸೆಲ್ ಹತ್ತಿಕೊಂಡದ. ಸೋರಿಕೆ ಎಲ್ಲಿಂದ ಅಂತ ಕಂಡುಹಿಡಿಯೋದು ಹ್ಯಾಂಗ?

ಎರಿ ಮಣ್ಣಿನ ದೂಳು ಮತ್ತು ಡೀಸೆಲ್ ಸೇರಿ ಪಂಪಿನ ಮೇಲೆ ಕರಿ ಲೇಪ ಕಟ್ಟಿರುತ್ತದೆ, ಅದರಡಿ ಏನೂ ಕಾಣದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ರಷ್ ಮತ್ತು ಡೀಸೆಲ್ ಹಾಕಿ ತೊಳೆದು, ಬಟ್ಟೆಯಿಂದ ಒಣಗಿಸಿ, ಮೇಲೆ ಟಾಲ್ಕಂ ಪೌಡರ್ ಉದುರಿಸಿ. ಎಂಜಿನ್ ಐದು ನಿಮಿಷ ಓಡಿಸಿ ನೋಡಿದರೆ ಪೌಡರ್ ಮೊದಲು ಒದ್ದೆಯಾದ ಜಾಗವೇ ಮೂಲ.

ಸಾಮಾನ್ಯವಾಗಿ ಸೋರುವ ಜಾಗಗಳು ಇವು. ರೇಸ್ ಲಿವರ್ ಮತ್ತು ಸ್ಟಾಪ್ ಲಿವರ್‌ನ ಶಾಫ್ಟ್‌ಗಳು ಮೇಲಿನ ಕವರ್‌ನಿಂದ ಹೊರಬರುವಲ್ಲಿ. ಆ ಕವರ್‌ನ ಪ್ಯಾಕಿಂಗ್. ಡೀಸೆಲ್ ಒಳಬರುವ ಹಿಂಬದಿಯ ಎಂಡ್ ಪ್ಲೇಟ್. ಪಕ್ಕದಲ್ಲಿ ತಂತಿ ಸೀಲ್ ಹಾಕಿದ ಚಿಕ್ಕ ಇನ್‌ಸ್ಪೆಕ್ಷನ್ ಕವರ್. ಹೈ ಪ್ರೆಶರ್ ಪೈಪ್‌ಗಳ ಬ್ಯಾಂಜೊ ಬೋಲ್ಟ್‌ಗಳ ತಾಮ್ರದ ವಾಷರ್. ಪಂಪ್ ಬಾಡಿ ಮತ್ತು ಇಂಜೆಕ್ಟರ್ ಪೈಪ್‌ಗಳು ಕೂರುವ ಹೈಡ್ರಾಲಿಕ್ ಹೆಡ್ ಸೇರುವ ಗೆರೆ, ಅಂದರೆ ಒಳಗಿನ ದೊಡ್ಡ ಓ ರಿಂಗ್ (ದುಂಡು ರಬ್ಬರ್ ಬಳೆ). ಕೊನೆಯದು ಶಾಫ್ಟ್ ಸೀಲ್. ಅದು ಹೊರಗೆ ಕಾಣುವುದಿಲ್ಲ, ಎಂಜಿನ್ ಒಳಗೇ ಸೋರುತ್ತದೆ, ಹಾಗಾಗಿ ಎಲ್ಲಕ್ಕಿಂತ ಅಪಾಯ ಅದೇ.

ಚೇಂಬರ್ ಆಯಿಲ್ ತಾನೇ ಹೆಚ್ಚಾಗ್ಲಕತ್ತದ. ಇದು ಪಂಪಿನ ದೋಷ ಏನ್ರಿ?

ಚೇಂಬರ್ ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿ. ಬಹುಮಟ್ಟಿಗೆ ಹೌದು, ಆದರೆ ಪಂಪ್ ಇಳಿಸುವ ಮೊದಲು ಇನ್ನೆರಡನ್ನು ನೋಡಲೇಬೇಕು.

ಮೊದಲು ಟ್ರ್ಯಾಕ್ಟರ್ ಓಡಿಸುವುದನ್ನು ನಿಲ್ಲಿಸಿ. ಡಿಪ್‌ಸ್ಟಿಕ್‌ನ ಆಯಿಲ್ ಮೂಸಿ ನೋಡಿ, ಡೀಸೆಲ್ ವಾಸನೆ ಬಂದರೆ, ಬೆರಳಲ್ಲಿ ತಿಕ್ಕಿದಾಗ ನೀರಿನಂತೆ ಜಾರಿದರೆ ಅನುಮಾನ ಬೇಡ. ಡೀಸೆಲ್ ಬೆರೆತ ಆಯಿಲ್‌ನಲ್ಲಿ ಪಲ್ಟಿ ನೇಗಿಲು ಹೊಡೆದರೆ ಕ್ರ್ಯಾಂಕ್ ಬೇರಿಂಗ್ ಹೋಗುತ್ತದೆ. ಒಂದು ಸೀಲ್ ಉಳಿಸಲು ಹೋಗಿ ಇಡೀ ಎಂಜಿನ್ ಬಿಚ್ಚಿಸುವ ಪಾಡು ಅದು.

ಡೀಸೆಲ್ ಒಳಸೇರಲು ಮೂರು ದಾರಿ. ಒಂದು, ಇಂಜೆಕ್ಷನ್ ಪಂಪಿನ ಶಾಫ್ಟ್ ಸೀಲ್. ಪಂಪ್ ಒಳಗೆ ಸದಾ ಡೀಸೆಲ್ ತುಂಬಿರುತ್ತದೆ, ಶಾಫ್ಟ್‌ನ ಇನ್ನೊಂದು ತುದಿ ಟೈಮಿಂಗ್ ಗೇರ್ ಕೇಸ್‌ನಲ್ಲಿ. ಸೀಲ್ ತುಟಿ ಗಟ್ಟಿಯಾದರೆ ಡೀಸೆಲ್ ನೇರವಾಗಿ ಚೇಂಬರ್‌ಗೆ ಇಳಿಯುತ್ತದೆ. ಎರಡು, ಟ್ಯಾಂಕ್‌ನಿಂದ ಡೀಸೆಲ್ ಎಳೆದುಕೊಡುವ, ಎಂಜಿನ್ ಪಕ್ಕದ ಫೀಡ್ ಪಂಪಿನ ಡಯಾಫ್ರಾಮ್ (ರಬ್ಬರ್ ಪೊರೆ) ಹರಿದಿರುವುದು. ಮೂರು, ಇಂಜೆಕ್ಟರ್ ತುದಿಯ ನಾಝಲ್ ತೊಟ್ಟಿಕ್ಕಿ ಸುಡದ ಡೀಸೆಲ್ ಪಿಸ್ಟನ್ ಪಕ್ಕದಿಂದ ಇಳಿಯುವುದು. ಆಗ ಬಿಳಿ ಅಥವಾ ಕರಿ ಹೊಗೆ, ಒಂದು ಸಿಲಿಂಡರ್ ಮಿಸ್ ಇರುತ್ತದೆ.

ಮೊದಲ ಎರಡನ್ನು ಬೇರ್ಪಡಿಸುವ ಬಗೆ ಸುಲಭ. ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿ. ಫೀಡ್ ಪಂಪ್ ಪೈಪ್‌ಗಳನ್ನು ಬಿಚ್ಚಿ ಬಾಯಿ ಮುಚ್ಚಿ. ಎತ್ತರದಲ್ಲಿ ಕಟ್ಟಿದ ಸ್ವಚ್ಛ ಕ್ಯಾನ್‌ನಿಂದ ಪೈಪ್ ಹಾಕಿ ಫಿಲ್ಟರ್‌ಗೆ ಡೀಸೆಲ್ ಇಳಿಸಿ, ಲೋಡ್ ಇಲ್ಲದೆ ಅರ್ಧ ಗಂಟೆ ಓಡಿಸಿ. ರಾತ್ರಿ ಬಿಟ್ಟು ಬೆಳಗ್ಗೆ ಡಿಪ್‌ಸ್ಟಿಕ್ ನೋಡಿ. ಆಯಿಲ್ ಮಟ್ಟ ಮತ್ತೆ ಏರಿದ್ದರೆ ಶಾಫ್ಟ್ ಸೀಲ್, ಹಾಗೇ ನಿಂತಿದ್ದರೆ ಫೀಡ್ ಪಂಪ್. ಡಯಾಫ್ರಾಮ್ ಬದಲಾವಣೆ ಇಂಜೆಕ್ಷನ್ ಪಂಪ್ ಕೆಲಸದ ಮುಂದೆ ಬಹಳ ಸಣ್ಣ ಖರ್ಚು, ಅದನ್ನು ನೋಡದೆ ಪಂಪ್ ಇಳಿಸುವವರೇ ಹೆಚ್ಚು.

ಇಷ್ಟು ವರ್ಷ ಸೋರದ ಪಂಪ್ ಈಗ್ಯಾಕ ಸೋರಲಕತ್ತದ?

ಕಾರಣಗಳು ಮೂರು ನಾಲ್ಕು ಕೂಡಿರುತ್ತವೆ. ಹಳೆ ಪಂಪ್‌ಗಳ ಓ ರಿಂಗ್ ನೈಟ್ರೈಲ್ ರಬ್ಬರ್‌ನವು. ಹಿಂದಿನ ಡೀಸೆಲ್‌ನಲ್ಲಿ ಅವು ಸ್ವಲ್ಪ ಉಬ್ಬಿಕೊಂಡೇ ಬಿಗಿಯಾಗಿ ಕೂತಿರುತ್ತಿದ್ದವು. 2017ರ ಏಪ್ರಿಲ್‌ನಿಂದ ದೇಶವೆಲ್ಲ ಗಂಧಕ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಭಾಗ) ಮಿತಿಯ ಬಿಎಸ್-4 ಡೀಸೆಲ್, 2020ರ ಏಪ್ರಿಲ್‌ನಿಂದ 10 ಪಿಪಿಎಂ ಮಿತಿಯ ಬಿಎಸ್-6 ಡೀಸೆಲ್ ಬಂತು. ಗಂಧಕ ತೆಗೆಯುವ ಪ್ರಕ್ರಿಯೆಯಲ್ಲಿ ರಬ್ಬರ್ ಉಬ್ಬಿಸುವ ಆರೊಮ್ಯಾಟಿಕ್ ಅಂಶವೂ ತಗ್ಗುತ್ತದೆ. ಹತ್ತಿಪ್ಪತ್ತು ವರ್ಷ ಬಿಸಿಲು ಬಿಸಿ ಕಂಡು ಗಟ್ಟಿಯಾದ ರಿಂಗ್ ಆ ಡೀಸೆಲ್‌ನಲ್ಲಿ ಕುಗ್ಗಿ ಸಡಿಲವಾಗುತ್ತದೆ. ಹೊಸ ರಬ್ಬರ್‌ಗೆ ಈ ತೊಂದರೆ ಅಷ್ಟಿಲ್ಲ.

ಇನ್ನೊಂದು, ನಿಲ್ಲಿಸಿಡುವುದು. ತೊಗರಿ ರಾಶಿ ಮುಗಿದ ಮೇಲೆ ಬೇಸಿಗೆಯಿಡೀ ತಗಡಿನ ಶೆಡ್ಡಿನಲ್ಲಿ ನಿಂತ ಟ್ರ್ಯಾಕ್ಟರ್‌ನ ಪಂಪ್‌ನಿಂದ ಡೀಸೆಲ್ ಇಳಿದುಹೋಗಿ ರಬ್ಬರ್ ಒಣಗುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದು ಬೇಗ. ಮೃಗಶಿರ ಮಳೆಗೆ ಸೆಲ್ಫ್ ಹೊಡೆದ ದಿನವೇ ಸೋರಿಕೆ ಶುರು.

ಪಂಪ್‌ನಿಂದ ಹಿಂತಿರುಗುವ ರಿಟರ್ನ್ ಪೈಪ್ ಮಡಚಿದ್ದರೆ ಅಥವಾ ಕಸ ಕಟ್ಟಿದ್ದರೆ ಪಂಪ್ ಬಾಡಿಯೊಳಗಿನ ಒತ್ತಡ ಏರಿ ಶಾಫ್ಟ್ ಸೀಲ್ ಮೇಲೆ ಬೀಳುತ್ತದೆ. ಹೊಸ ಸೀಲ್ ಹಾಕಿದ ಕೆಲವೇ ತಿಂಗಳಲ್ಲಿ ಮತ್ತೆ ಸೋರಿದರೆ ಸೀಲಿಗೆ ಬೈಯುವ ಮುನ್ನ ಆ ಪೈಪ್ ಬಿಚ್ಚಿ ಬಾಯಿಂದ ಊದಿ ನೋಡಿ. ದಾರಿಯಲ್ಲಿ ಒಂದೇ ದಿಕ್ಕಿನ ವಾಲ್ವ್ ಇದ್ದರೆ ಅದನ್ನೂ.

ಯಾವ ಕಿಟ್ ತರಬೇಕು?

ಡಿಪಿಎ ಪಂಪ್‌ಗೆ ಅಂಗಡಿಗಳಲ್ಲಿ ಹೆಚ್ಚಾಗಿ ಕೇಳಿಬರುವ ಕಿಟ್ ನಂಬರ್ 7135-110. ಆದರೂ ಪಟ್ಟಿಯ ನಂಬರ್ ತೋರಿಸಿಯೇ ಕೊಳ್ಳಿ, ಅಡ್ವಾನ್ಸ್ ಯೂನಿಟ್ (ವೇಗ ಏರಿದಂತೆ ಡೀಸೆಲ್ ಬೇಗ ಚಿಮ್ಮುವಂತೆ ಮಾಡುವ ಭಾಗ) ಇರುವ ಪಂಪ್ ಮತ್ತು ಇಲ್ಲದ ಪಂಪ್‌ಗೆ ಬೇಕಾಗುವ ವಾಷರ್‌ಗಳು ಬೇರೆ. ಒಂದು ಕಿಟ್ ಹಲವು ಮಾದರಿಗಳಿಗೆ ಹೊಂದುವಂತೆ ಬರುವುದರಿಂದ ಕೆಲಸ ಮುಗಿದ ಮೇಲೆ ಕೆಲವು ರಿಂಗ್ ಉಳಿಯುತ್ತವೆ, ಗಾಬರಿ ಬೇಡ. ಹಳೆಯದನ್ನು ತೆಗೆದಂತೆ ಹೊಸದನ್ನು ಪಕ್ಕದಲ್ಲಿಟ್ಟು ದಪ್ಪ, ಸುತ್ತಳತೆ ಹೋಲಿಸಿ. ಶಾಫ್ಟ್ ಆಯಿಲ್ ಸೀಲ್ ಕಿಟ್‌ನಲ್ಲಿ ಇದೆಯೇ ಎಂದು ಅಂಗಡಿಯಲ್ಲೇ ತೆರೆದು ನೋಡಿ. ಕೆಲವು ಅಗ್ಗದ ಕಿಟ್‌ನಲ್ಲಿ ಇರುವುದಿಲ್ಲ.

ವಿಟಾನ್ ರಬ್ಬರಿನ ಕಿಟ್ ಸಿಕ್ಕರೆ ಅದನ್ನೇ ತಗೊಳ್ಳಿ. ಈಗಿನ ಡೀಸೆಲ್‌ಗೂ ಬಯೋಡೀಸೆಲ್ ಬೆರಕೆಗೂ ಬಿಸಿಗೂ ಅದು ಹೆಚ್ಚು ಬಾಳುತ್ತದೆ. ಕಂದು ಅಥವಾ ಹಸಿರು ಬಣ್ಣ ಇದ್ದ ಮಾತ್ರಕ್ಕೆ ವಿಟಾನ್ ಅಲ್ಲ, ಬಣ್ಣ ಯಾವ ರಬ್ಬರಿಗೂ ಹಾಕಬಹುದು. ತೆರೆದ ಡಬ್ಬದಲ್ಲಿ ಬಿಡಿಬಿಡಿಯಾಗಿ ಇಟ್ಟು ಮಾರುವ ರಿಂಗ್ ಬೇಡ. ಸೋಲಾಪುರ ಅಥವಾ ಹೈದರಾಬಾದ್‌ನಿಂದ ತರಿಸಬೇಕಾದರೂ ಮುಚ್ಚಿದ ಪೊಟ್ಟಣದ್ದೇ ಇರಲಿ.

ಇದರಾಗ ನಾವು ಮನ್ಯಾಗ ಮಾಡೋದು ಎಷ್ಟು, ಪಂಪ್ ಮಿಸ್ತ್ರಿಗೆ ಬಿಡೋದು ಎಷ್ಟು?

ಪಾನಾ ಹಿಡಿದು ಅಭ್ಯಾಸ ಇರುವವರು ಪಂಪ್ ಇಳಿಸದೆ ಮಾಡಬಹುದಾದದ್ದು: ಮೇಲಿನ ಕವರ್ ಪ್ಯಾಕಿಂಗ್, ಎರಡು ಲಿವರ್ ಶಾಫ್ಟ್‌ಗಳ ಓ ರಿಂಗ್, ಎಂಡ್ ಪ್ಲೇಟ್ ರಿಂಗ್, ಇನ್‌ಸ್ಪೆಕ್ಷನ್ ಕವರ್ ಪ್ಯಾಕಿಂಗ್, ಬ್ಯಾಂಜೊ ವಾಷರ್. ಹೊರಗಿನ ಸೋರಿಕೆ ಬಹುಪಾಲು ಇಷ್ಟರಲ್ಲೇ ನಿಲ್ಲುತ್ತದೆ. ಅರ್ಧ ದಿನದ ಕೆಲಸ.

ಹೆಡ್‌ನ ದೊಡ್ಡ ಓ ರಿಂಗ್, ಶಾಫ್ಟ್ ಸೀಲ್, ಅಡ್ವಾನ್ಸ್ ಯೂನಿಟ್ ಇವಕ್ಕೆ ಪಂಪ್ ಇಳಿಸಿ ಬಿಚ್ಚಬೇಕು. ಬಿಚ್ಚಿದ ಪಂಪ್ ಟೆಸ್ಟ್ ಬೆಂಚ್ ಮೇಲೆ ಏರಲೇಬೇಕು. ಕೈಯಿಂದ ಜೋಡಿಸಿದ ಪಂಪ್ ಎಂಜಿನ್ ಸ್ಟಾರ್ಟ್ ಮಾಡಬಹುದು, ಆದರೆ ಎಷ್ಟು ಡೀಸೆಲ್ ಹೋಗುತ್ತಿದೆ, ಮೂರೂ ಸಿಲಿಂಡರ್‌ಗೆ ಸಮ ಹೋಗುತ್ತಿದೆಯೇ, ಗವರ್ನರ್ ಯಾವ ಆರ್‌ಪಿಎಂನಲ್ಲಿ ಕಟ್ ಮಾಡುತ್ತಿದೆ ಎನ್ನುವುದು ಬೆಂಚ್ ಇಲ್ಲದೆ ತಿಳಿಯದು.

ಪಂಪ್ ಇಳಿಸದೆ ಮೇಲಿನ ಕವರ್ ಸೀಲ್ ಬದಲಿಸುವುದು ಹೇಗೆ?

ಜಾಗದ ಸ್ವಚ್ಛತೆ ಮೊದಲು. ಗಾಳಿ ಇಲ್ಲದ ಹೊತ್ತು ಆರಿಸಿ, ಹತ್ತಿರ ಕಾಳು ತೂರುವುದು, ಹೊಟ್ಟು ಹಾರುವುದು ಇದ್ದರೆ ಆ ದಿನ ಬಿಡಿ. ತೊಳೆದು ಒಣಗಿಸಿದ ಫರಸಿ ಮೇಲೆ ಬಿಳಿ ಬಟ್ಟೆ ಹಾಸಿ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಇಡಿ. ಕೈ ಒರೆಸಲು ಹತ್ತಿ ವೇಸ್ಟ್ ಬೇಡ, ಒಂದು ಎಳೆ ಒಳಗೆ ಹೋದರೂ ಡೀಸೆಲ್ ಪ್ರಮಾಣ ಅಳೆದುಬಿಡುವ ಮೀಟರಿಂಗ್ ವಾಲ್ವ್ ಹಿಡಿದುಕೊಳ್ಳುತ್ತದೆ.

ಡೀಸೆಲ್ ಕಾಕ್ ಬಂದ್ ಮಾಡಿ, ಬ್ಯಾಟರಿ ಟರ್ಮಿನಲ್ ತೆಗೆಯಿರಿ. ರೇಸ್ ರಾಡ್ ಮತ್ತು ಸ್ಟಾಪ್ ಕೇಬಲ್ ಬಿಚ್ಚಿ. ಶಾಫ್ಟ್‌ಗಳ ಮೇಲೆ ಲಿವರ್ ಯಾವ ಕೋನದಲ್ಲಿ ಕೂತಿದೆ ಎಂದು ಫೋಟೊ ತೆಗೆದು, ಲಿವರ್‌ಗೂ ಶಾಫ್ಟ್ ತುದಿಗೂ ಸೇರಿಸಿ ಸೂಜಿಯಿಂದ ಗೆರೆ ಎಳೆದು, ಆಮೇಲೆ ಲಿವರ್ ಕಳಚಿ. ಐಡ್ಲಿಂಗ್ ಸ್ಕ್ರೂ, ಸೀಲ್ ಹಾಕಿದ ಮ್ಯಾಕ್ಸಿಮಮ್ ಸ್ಪೀಡ್ ಸ್ಕ್ರೂ ಎರಡನ್ನೂ ಮುಟ್ಟಬೇಡಿ.

ಕವರ್ ಹಿಡಿದಿರುವ ನಟ್‌ಗಳನ್ನು ತೆಗೆದು, ಶಾಫ್ಟ್‌ಗಳನ್ನು ಬೆರಳಿನಿಂದ ಕೆಳಕ್ಕೆ ಒತ್ತಿ ಹಿಡಿದು ಕವರ್ ನೇರ ಮೇಲಕ್ಕೆ ಎತ್ತಿ. ಒಂದೇ ಏಟಿಗೆ ಎಳೆದರೆ ಒಳಗಿನ ಸ್ಪ್ರಿಂಗ್ ಜಗ್ಗಿ ಸೊಟ್ಟ ಆಗುತ್ತದೆ. ಈಗ ಕಾಣುವುದು ಗವರ್ನರ್ ಆರ್ಮ್, ಅದಕ್ಕೆ ಸಿಕ್ಕಿಸಿದ ಮುಖ್ಯ ಸ್ಪ್ರಿಂಗ್, ಮೀಟರಿಂಗ್ ವಾಲ್ವ್‌ಗೆ ಹೋಗುವ ಸಣ್ಣ ಕೊಂಡಿ.

ಇಲ್ಲಿ ನಿಂತು ಎರಡನೇ ಫೋಟೊ ತೆಗೆಯಿರಿ. ಗವರ್ನರ್ ಆರ್ಮ್‌ನಲ್ಲೂ ರೇಸ್ ಶಾಫ್ಟ್ ಕಡೆಯ ತುಂಡಿನಲ್ಲೂ ಒಂದಕ್ಕಿಂತ ಹೆಚ್ಚು ತೂತುಗಳಿರುತ್ತವೆ. ಸ್ಪ್ರಿಂಗ್ ಯಾವ ತೂತಿನಲ್ಲಿತ್ತೋ ಅಲ್ಲೇ ಹೋಗಬೇಕು. ಪಕ್ಕದ ತೂತಿಗೆ ಹಾಕಿದರೂ ಎಂಜಿನ್ ಓಡುತ್ತದೆ, ಆದರೆ ಲೋಡ್ ಬಿದ್ದಾಗ ಆರ್‌ಪಿಎಂ ಕುಸಿಯುತ್ತದೆ ಇಲ್ಲವೇ ಏರಿಳಿಯುತ್ತದೆ. ಆಮೇಲೆ ಜನ ನಾಝಲ್, ಫಿಲ್ಟರ್ ಎಲ್ಲ ಬದಲಿಸುತ್ತಾ ಹೋಗುತ್ತಾರೆ, ತಪ್ಪು ಒಂದು ತೂತಿನದು. ಮೀಟರಿಂಗ್ ವಾಲ್ವ್ ಕೊಂಡಿಯ ಉದ್ದ ನಿಗದಿ ಮಾಡುವ ನಟ್ ಕೂಡ ಹಾಗೆಯೇ, ಅರ್ಧ ಸುತ್ತೂ ತಿರುಗಿಸುವಂತಿಲ್ಲ.

ಶಾಫ್ಟ್‌ಗಳನ್ನು ಹೊರತೆಗೆದು ಹಳೆ ಓ ರಿಂಗ್‌ಗಳನ್ನು ಬಿದಿರಿನ ಕಡ್ಡಿ ಅಥವಾ ಪ್ಲಾಸ್ಟಿಕ್ ತುದಿಯಿಂದ ಕೀಳಿ. ಉಕ್ಕಿನ ಸೂಜಿ ಬಿದ್ದರೆ ರಿಂಗ್ ಕೂರುವ ತೋಡಿನಲ್ಲಿ ಗೀರು ಉಳಿದು ಹೊಸ ರಿಂಗ್ ಸಹ ಸೋರುತ್ತದೆ. ಕವರಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ರಿಂಗ್ ಎಷ್ಟೇ ಹೊಸದಾದರೂ ನಿಲ್ಲದು. ಶಾಫ್ಟ್ ಅಲ್ಲಾಡಿಸಿ ನೋಡಿ, ಆಟ ಜಾಸ್ತಿ ಇದ್ದರೆ ಕವರ್ ಬೇರೆ ಬೇಕು. ಹೊಸ ರಿಂಗ್‌ಗೆ ಸ್ವಚ್ಛ ಡೀಸೆಲ್ ಅಥವಾ ವ್ಯಾಸಲಿನ್ ತೆಳ್ಳಗೆ ಸವರಿ ಕೂರಿಸಿ.

ಹಳೆ ಪ್ಯಾಕಿಂಗ್ ಹೆರೆಯುವಾಗ ಪಂಪಿನ ಬಾಯಿಗೆ ಬಟ್ಟೆ ಮುಚ್ಚಿರಿ, ಚೂರು ಒಳಗೆ ಬೀಳಬಾರದು. ಕವರ್ ಮತ್ತೆ ಕೂರಿಸುವಾಗ ಸ್ಟಾಪ್ ಶಾಫ್ಟ್ ತುದಿಯ ಚಿಕ್ಕ ಪಿನ್ ಒಳಗಿನ ಸ್ಟಾಪ್ ಬಾರ್‌ಗೆ ಸರಿಯಾಗಿ ಸಿಕ್ಕಿದೆಯೇ ಎಂದು ಕಣ್ಣಾರೆ ನೋಡಿ. ಕವರ್ ಮುಚ್ಚುವ ಮೊದಲು ಪಂಪ್ ಒಳಗೆ ಸೋಸಿದ ಡೀಸೆಲ್ ತುಂಬಿ. ಈ ಪಂಪ್‌ಗೆ ಪ್ರತ್ಯೇಕ ಆಯಿಲ್ ಇಲ್ಲ, ಡೀಸೆಲ್ಲೇ ಅದರ ಆಯಿಲ್. ಬರಿ ಪಂಪ್‌ಗೆ ಸೆಲ್ಫ್ ಹೊಡೆಯುತ್ತಾ ಕೂತರೆ ರೋಟರ್ ಹಿಡಿದುಕೊಳ್ಳುತ್ತದೆ.

ಎಂಡ್ ಪ್ಲೇಟ್ ಬಿಚ್ಚಿದಾಗ ಒಳಗಿನ ಎಲೆಗಳು ಜಾರಿ ಬಿದ್ದವು. ಈಗ?

ಅವು ಪಂಪಿನೊಳಗೇ ಇದ್ದು ಡೀಸೆಲ್ ತಳ್ಳುವ ಟ್ರಾನ್ಸ್‌ಫರ್ ಪಂಪಿನ ಬ್ಲೇಡ್‌ಗಳು, ಎರಡು ಇರುತ್ತವೆ. ಕಾರ್ಬನ್‌ನವು, ಕೆಳಗೆ ಬಿದ್ದರೆ ಮುರಿಯುತ್ತವೆ. ಅಂಚು ಚಿಪ್ಪೆದ್ದಿದ್ದರೆ ಹೊಸದು ಹಾಕಿ. ಚೆನ್ನಾಗಿದ್ದರೆ ಡೀಸೆಲ್‌ನಲ್ಲಿ ಅದ್ದಿ, ರೋಟರ್‌ನ ಸೀಳಿನಲ್ಲಿ ಸಲೀಸಾಗಿ ಜಾರುವಂತೆ ಕೂರಿಸಿ. ಸುತ್ತಲಿನ ಲೈನರ್‌ನ ಸೀಳಿಗೆ ಎಂಡ್ ಪ್ಲೇಟ್‌ನ ಗೂಟ ಕೂರಬೇಕು. ಕೂರದೆ ಸ್ಕ್ರೂ ಬಿಗಿದರೆ ಪ್ಲೇಟ್ ಬಿರಿಯುತ್ತದೆ. ಒಳಬರುವ ಯೂನಿಯನ್‌ನಡಿ ನೈಲಾನ್ ಜಾಳಿಗೆ, ಸ್ಪ್ರಿಂಗ್, ರೆಗ್ಯುಲೇಟಿಂಗ್ ಪಿಸ್ಟನ್ ಇವೆ. ಜಾಳಿಗೆ ತೊಳೆಯಬಹುದು, ಉಳಿದವುಗಳ ಕ್ರಮ ಬದಲಿಸಬೇಡಿ. ಒಳ ಒತ್ತಡ ನಿರ್ಧರಿಸುವುದು ಅವೇ.

ಪಂಪ್ ಇಳಿಸಿದರ ಟೈಮಿಂಗ್ ಹೋಗ್ತದ ಅಂತಾರಲ್ಲ?

ಗುರುತು ಹಾಕದೆ ಇಳಿಸಿದರೆ ಟೈಮಿಂಗ್, ಅಂದರೆ ಡೀಸೆಲ್ ಚಿಮ್ಮುವ ಹೊತ್ತು, ತಪ್ಪಿಹೋಗುತ್ತದೆ. ಪಂಪ್ ಫ್ಲ್ಯಾಂಜ್ ಮತ್ತು ಟೈಮಿಂಗ್ ಕೇಸ್ ಮೇಲೆ ಕಂಪನಿಯ ಗೆರೆ ಇದೆಯೇ ನೋಡಿ. ಇಲ್ಲದಿದ್ದರೆ ಚೂಪಾದ ಉಳಿಯಿಂದ ಎರಡರ ಮೇಲೂ ಹಾಯುವ ಒಂದೇ ಗೆರೆ ಹಾಕಿ. ಪೇಂಟ್ ಗುರುತು ಡೀಸೆಲ್ ಬಿದ್ದರೆ ಅಳಿಸಿಹೋಗುತ್ತದೆ. ಫ್ಲ್ಯಾಂಜ್‌ನ ತೂತುಗಳು ಉದ್ದನೆಯವು, ಪಂಪ್ ತುಸು ತಿರುಗುತ್ತದೆ, ಒಂದು ಗೆರೆಯ ಅಗಲ ತಪ್ಪಿದರೂ ಹೊಡೆತದ ಸದ್ದು ಅಥವಾ ಬಿಳಿ ಹೊಗೆ ಬರುತ್ತದೆ.

ಪಂಪ್ ಹೊರಗಿರುವಾಗ ಎಂಜಿನ್ ತಿರುಗಿಸಬಾರದು. ಗೇರ್ ಕೇಸ್‌ನೊಳಗೆ ಉಳಿದ ಪಂಪ್ ಗೇರ್ ಹಲ್ಲು ತಪ್ಪಬಹುದು. ಸೆಲ್ಫ್ ಕೀ ಜೇಬಿನಲ್ಲಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಟ್ರ್ಯಾಕ್ಟರನ್ನು ತಳ್ಳದಂತೆ ಮನೆಯವರಿಗೂ ಹೇಳಿಡಿ.

ಹೆಡ್ ರಿಂಗ್, ಶಾಫ್ಟ್ ಸೀಲ್ ಹಾಕುವಾಗ ಏನೇನು ಕೆಡುತ್ತದೆ?

ಪಂಪ್ ಕೆಲಸ ಕಲಿಯುತ್ತಿರುವ ಹುಡುಗರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಟ್ರಾನ್ಸ್‌ಫರ್ ಪಂಪಿನ ರೋಟರ್ ಅನ್ನು ಹೆಡ್ ಹೊರತೆಗೆಯುವ ಮೊದಲೇ ಸಡಿಲಿಸಬೇಕು, ಹೆಡ್ ಬಂದ ಮೇಲೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಪಂಪ್ ತಿರುಗುವ ದಿಕ್ಕಿಗೆ ತಿರುಗಿಸಿದರೆ ಅದು ಸಡಿಲವಾಗುತ್ತದೆ. ರೂಢಿಯಂತೆ ಎಡಕ್ಕೆ ತಿರುಗಿಸಿ ಜೋರು ಮಾಡಿದವರು ರೋಟರ್‌ನ ಮೂತಿ ಮುರಿದಿದ್ದಾರೆ. ರೋಟರ್ ಮೇಲಿನ ಬಾಣ ನೋಡಿ.

ಆಮೇಲೆ ಹೆಡ್ ಲೊಕೇಟಿಂಗ್ ಫಿಟ್ಟಿಂಗ್ ಮತ್ತು ಎರಡು ಲಾಕಿಂಗ್ ಸ್ಕ್ರೂ. ಅಡ್ವಾನ್ಸ್ ಯೂನಿಟ್ ಇರುವ ಪಂಪ್‌ನಲ್ಲಿ ಆ ಫಿಟ್ಟಿಂಗ್ ಒಳಗೆ ಉಕ್ಕಿನ ಗುಂಡು ಇರುತ್ತದೆ, ಉರುಳಿ ಕಳೆದುಹೋಗುವುದು ಅದೇ. ಅಡ್ವಾನ್ಸ್ ಸ್ಪ್ರಿಂಗ್ ಹಿಂದಿನ ಶಿಮ್‌ಗಳ (ತೆಳು ಬಿಲ್ಲೆಗಳ) ಸಂಖ್ಯೆ ಬರೆದಿಡಿ. ಹೆಡ್ ಅನ್ನು ತಿರುಚುತ್ತಾ ಎಳೆಯುವಾಗ ರೋಟರ್ ಜಾರಿ ಬೀಳದಂತೆ ಕೈ ಕೆಳಗಿರಲಿ. ಹೆಡ್ ಮತ್ತು ರೋಟರ್ ಜೋಡಿಯಾಗಿಯೇ ತಯಾರಾದವು, ನಡುವಿನ ಅಂತರ ಕೆಲವೇ ಮೈಕ್ರಾನ್. ಒಂದು ಪಂಪಿನ ರೋಟರ್ ಇನ್ನೊಂದರ ಹೆಡ್‌ಗೆ ಆಗದು. ಒಣ ಬೆರಳಿನಿಂದ ಮುಟ್ಟಬೇಡಿ, ಬೆವರು ತುಕ್ಕಾಗುತ್ತದೆ.

ಕ್ಯಾಮ್ ರಿಂಗ್ ಮೇಲೂ ಬಾಣ ಇದೆ, ಅದು ಪಟ್ಟಿಯ ಬಾಣದ ದಿಕ್ಕಿಗೇ ಇರಬೇಕು. ರಿಂಗ್ ತಲೆಕೆಳಗಾಗಿಯೂ ಕೂರುತ್ತದೆ, ಆಗ ಟೈಮಿಂಗ್ ಎಲ್ಲ ಸುಳ್ಳು. ರೋಲರ್‌ಗಳ ನಡುವಿನ ಅಂತರ ಹೊಂದಿಸುವ ಅಡ್ಜಸ್ಟಿಂಗ್ ಪ್ಲೇಟ್ ತುಸುವೇ ಸರಿದರೂ ಗರಿಷ್ಠ ಡೀಸೆಲ್ ಪ್ರಮಾಣ ಬದಲಾಗುತ್ತದೆ. ಬೆಂಚ್ ಇಲ್ಲದವರು ಡ್ರೈವ್ ಪ್ಲೇಟ್ ಸ್ಕ್ರೂ ಸಡಿಲಿಸಲೇಬಾರದು.

ಶಾಫ್ಟ್ ಸೀಲ್ ತೆಗೆಯುವ ಮುನ್ನ ತುಟಿ ಯಾವ ಕಡೆ ಇತ್ತು, ಸೀಲ್ ಒಂದೋ ಎರಡೋ ಬರೆದಿಡಿ. ಒಂದೇ ಸೀಲ್ ಇದ್ದರೆ ತುಟಿ ಡೀಸೆಲ್ ಇರುವ ಒಳಬದಿಗೆ. ಶಾಫ್ಟ್‌ನಲ್ಲಿ ಸೀಲ್ ಓಡುವ ಜಾಗಕ್ಕೆ ಉಗುರು ಹಾಯಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ತೋಡು ಬಿದ್ದಿದ್ದರೆ ಹೊಸ ಸೀಲ್ ಕೂಡ ಸೋರುತ್ತದೆ, ಶಾಫ್ಟ್ ಬದಲಿಸಬೇಕು. ಹೊಸ ಸೀಲನ್ನು ಅದರ ಹೊರ ಸುತ್ತಳತೆಗೆ ಸರಿಹೊಂದುವ ಪೈಪ್ ತುಂಡಿನಿಂದ ನೇರವಾಗಿ ಒತ್ತಿ. ಸುತ್ತಿಗೆಯಿಂದ ಒಂದೊಂದು ಕಡೆ ಬಡಿದರೆ ಸೊಟ್ಟ ಕೂರುತ್ತದೆ. ಶಾಫ್ಟ್‌ನ ಸ್ಪ್ಲೈನ್ ಹಲ್ಲುಗಳು ತುಟಿಯನ್ನು ಬ್ಲೇಡಿನಂತೆ ಕೊಯ್ಯುತ್ತವೆ. ಹಳೆ ಎಕ್ಸ್‌ರೇ ಹಾಳೆಯನ್ನು ಸುರುಳಿ ಮಾಡಿ ಸ್ಪ್ಲೈನ್ ಮುಚ್ಚಿ, ಅದರ ಮೇಲಿಂದ ಜಾರಿಸಿ.

ಹೆಡ್‌ನ ದೊಡ್ಡ ಓ ರಿಂಗ್ ಬಾಡಿಯೊಳಗೆ ಹೋಗುವಾಗ ಸ್ಕ್ರೂ ತೂತುಗಳ ಅಂಚು ದಾಟುತ್ತದೆ, ಹೊಸ ರಿಂಗ್ ಕತ್ತರಿಸಿಹೋಗುವುದು ಅಲ್ಲಿಯೇ. ಅಂಚುಗಳನ್ನು ಮುಟ್ಟಿ ನೋಡಿ, ವ್ಯಾಸಲಿನ್ ಹಚ್ಚಿ, ಸ್ವಲ್ಪ ಸ್ವಲ್ಪ ತಿರುಚುತ್ತಾ ಒತ್ತಿ. ಕಪ್ಪು ರಬ್ಬರಿನ ಸಣ್ಣ ಸಿಪ್ಪೆ ತೂತಿನಲ್ಲಿ ಕಂಡರೆ ಹೆಡ್ ಹೊರತೆಗೆದು ಬೇರೆ ರಿಂಗ್ ಹಾಕಿ.

ಸ್ಕ್ರೂ ಎಷ್ಟು ಬಿಗಿ ಇರಬೇಕು?

ಈ ಪಂಪಿನ ಅಳತೆಗಳು ಇಂಚ್-ಪೌಂಡ್‌ನಲ್ಲಿ ಇರುತ್ತವೆ. ಎಂಡ್ ಪ್ಲೇಟ್ ಸ್ಕ್ರೂಗಳಿಗೆ 45, ಹೆಡ್ ಲಾಕಿಂಗ್ ಸ್ಕ್ರೂಗಳಿಗೆ 170, ಹೆಡ್ ಲೊಕೇಟಿಂಗ್ ಫಿಟ್ಟಿಂಗ್‌ಗೆ 350. ನ್ಯೂಟನ್ ಮೀಟರ್ ಲೆಕ್ಕದಲ್ಲಿ ಸುಮಾರು 5, 19, 40. ಇವನ್ನು ಫುಟ್-ಪೌಂಡ್ ಎಂದು ಓದಿದರೆ 12 ಪಟ್ಟು ಬಿಗಿಯಾಗಿ ಸ್ಕ್ರೂ ತುಂಡಾಗುತ್ತದೆ ಅಥವಾ ಹೆಡ್ ಒತ್ತಿ ರೋಟರ್ ಹಿಡಿಯುತ್ತದೆ. ಹೆಡ್‌ನ ಎರಡು ಸ್ಕ್ರೂ ಮತ್ತು ಫಿಟ್ಟಿಂಗ್, ಈ ಮೂರನ್ನೂ ಮೊದಲು ಬೆರಳಲ್ಲಿ ಕೂರಿಸಿ, ಶಾಫ್ಟ್ ತಿರುಗಿಸಿ ನೋಡಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಪ್ರತಿ ಸಲ ತಿರುಗಿಸಿ ನೋಡಿ.

ಪ್ಯಾಕಿಂಗ್ ಮ್ಯಾಲೆ ಗಮ್ ಹಚ್ಚಬಹುದೇನ್ರಿ?

ಬೇಡ. ಶೆಲಾಕ್, ಸಿಲಿಕೋನ್ ಯಾವುದೂ ಬೇಡ. ಒಳಗೆ ಹಿಂಡಿಕೊಂಡು ಬಂದ ಎಳೆ ಕಳಚಿ ಮೀಟರಿಂಗ್ ವಾಲ್ವ್‌ಗೆ ಇಲ್ಲವೇ ನಾಝಲ್‌ಗೆ ಹೋಗುತ್ತದೆ. ಹಳೆ ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ, ಹೊಲದಲ್ಲಿ ಸಿಕ್ಕಿಬಿದ್ದಾಗ ಸರಿ. ಕಿಟ್ ಕೈಯಲ್ಲಿದ್ದಾಗ ಹೊಸದೇ ಹಾಕಿ.

ಏರ್ ತೆಗೆಯೋ ಕ್ರಮ ಹೇಳ್ರಿ.

ಟ್ಯಾಂಕ್ ಅರ್ಧಕ್ಕಿಂತ ಹೆಚ್ಚಿರಲಿ. ಫೀಡ್ ಪಂಪಿನ ಕೈ ಲಿವರ್ ಒತ್ತುತ್ತಾ ಮೊದಲು ಫಿಲ್ಟರ್ ಮೇಲಿನ ಸ್ಕ್ರೂ, ಆಮೇಲೆ ಪಂಪಿನ ಹೆಡ್ ಬದಿಯ ಬ್ಲೀಡ್ ಸ್ಕ್ರೂ, ಕೊನೆಗೆ ಮೇಲಿನ ಗವರ್ನರ್ ಕವರ್‌ನ ಸ್ಕ್ರೂ. ಪ್ರತಿಯೊಂದರಲ್ಲೂ ಗುಳ್ಳೆ ನಿಂತು ಗಟ್ಟಿ ಧಾರೆ ಬರುವಾಗಲೇ ಬಿಗಿಯಿರಿ. ಕೈ ಲಿವರ್‌ಗೆ ಒತ್ತಡವೇ ಸಿಗದಿದ್ದರೆ ಎಂಜಿನ್ ಕ್ಯಾಮ್ ಎತ್ತರದಲ್ಲಿ ನಿಂತಿದೆ, ಎಂಜಿನ್ ಒಂದು ಸುತ್ತು ತಿರುಗಿಸಿ.

ಆಮೇಲೆ ಇಂಜೆಕ್ಟರ್ ಕಡೆಯ ಎರಡು ಪೈಪ್ ನಟ್ ಒಂದು ಸುತ್ತು ಸಡಿಲಿಸಿ, ಸ್ಟಾಪ್ ಲಿವರ್ ಒಳಗೆ, ರೇಸ್ ಪೂರ್ತಿ ಇಟ್ಟು ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ 10-15 ಸೆಕೆಂಡ್, ನಡುವೆ ಸೆಲ್ಫ್ ತಣ್ಣಗಾಗಲು ಬಿಡಿ. ಡೀಸೆಲ್ ಚಿಮ್ಮತೊಡಗಿದರೆ ನಟ್ ಬಿಗಿಯಿರಿ. ಚಿಮ್ಮುವ ಜಾಗಕ್ಕೆ ಕೈ ಅಡ್ಡ ಹಿಡಿಯಬೇಡಿ. ನೂರಾರು ಬಾರ್ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ, ಗಾಯ ಸೂಜಿ ಮೊನೆಯಷ್ಟೇ ಕಂಡರೂ ಬೆರಳು ಕಳೆದುಕೊಳ್ಳುವ ಪರಿಸ್ಥಿತಿ ಬರಬಹುದು. ಹಾಗೇನಾದರೂ ಆದರೆ ಕೂಡಲೇ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೋಗಿದೆ ಎಂದೇ ಹೇಳಿ.

ಸ್ಟಾರ್ಟ್ ಆದ ಕೂಡ್ಲೇ ಎಂಜಿನ್ ಪೂರ್ತಿ ರೇಸ್ ಆಯ್ತು, ಸ್ಟಾಪ್ ಎಳೆದ್ರೂ ನಿಲ್ಲಲಿಲ್ಲ.

ಕವರ್ ಕೂರಿಸುವಾಗ ಕೊಂಡಿ ತಪ್ಪಿದೆ, ಇಲ್ಲವೇ ಮೀಟರಿಂಗ್ ವಾಲ್ವ್ ತೆರೆದ ಸ್ಥಿತಿಯಲ್ಲೇ ಹಿಡಿದಿದೆ. ಇದಕ್ಕೆ ಸಿದ್ಧತೆ ಮಾಡಿಕೊಂಡೇ ಮೊದಲ ಸಲ ಸ್ಟಾರ್ಟ್ ಮಾಡಬೇಕು. ಏರ್ ಕ್ಲೀನರ್ ಪೈಪ್ ಬಿಚ್ಚಿ, ಮ್ಯಾನಿಫೋಲ್ಡ್ ಬಾಯಿಗೆ ಮುಚ್ಚುವಷ್ಟು ದಪ್ಪ ಹಲಗೆ ಹಿಡಿದು ಒಬ್ಬರು ಪಕ್ಕದಲ್ಲಿ ನಿಲ್ಲಲಿ. ಗಾಳಿ ನಿಂತರೆ ಎಂಜಿನ್ ನಿಲ್ಲುತ್ತದೆ. ಅಂಗೈ, ಬಟ್ಟೆ ಬೇಡ, ಎಳೆದುಕೊಂಡುಬಿಡುತ್ತದೆ. ಡೀಸೆಲ್ ಕಾಕ್ ಬಂದ್ ಮಾಡಿದರೆ ಪೈಪ್ ಮತ್ತು ಫಿಲ್ಟರ್‌ನಲ್ಲಿ ಉಳಿದ ಡೀಸೆಲ್‌ನಿಂದ ಇನ್ನೂ ಓಡುತ್ತದೆ, ಅಷ್ಟರಲ್ಲಿ ಎಂಜಿನ್ ಹಾಳು.

ಬೆಳಗ್ಗೆ ಸ್ಟಾರ್ಟ್ ಆಗ್ತದ, ಬಿಸಿ ಆದ ಮ್ಯಾಲೆ ಆಗಂಗಿಲ್ಲ. ಸೀಲ್ ಹಾಕಿದರ ಸರಿ ಆಗ್ತದೇನು?

ಆಗುವುದಿಲ್ಲ. ಇದು ಹೆಡ್-ರೋಟರ್ ಸವೆತದ ಲಕ್ಷಣ. ಬಿಸಿಗೆ ಡೀಸೆಲ್ ತೆಳ್ಳಗಾಗಿ ಸವೆದ ಸಂದಿಯಲ್ಲಿ ಜಾರಿಹೋಗುತ್ತದೆ, ಸೆಲ್ಫ್‌ನ ನಿಧಾನ ವೇಗದಲ್ಲಿ ನಾಝಲ್ ತೆರೆಯುವಷ್ಟು ಒತ್ತಡ ಏರುವುದಿಲ್ಲ. ಎಂಜಿನ್ ನಿಲ್ಲಿಸಿ ಪಂಪ್ ಮೇಲೆ ಒದ್ದೆ ಗೋಣಿಚೀಲ ಹಾಕಿ ಹದಿನೈದು ನಿಮಿಷ ಬಿಟ್ಟು ಸೆಲ್ಫ್ ಹೊಡೆದಾಗ ಸ್ಟಾರ್ಟ್ ಆದರೆ ಖಾತ್ರಿ. ಪರಿಹಾರ ಹೊಸ ಹೆಡ್-ರೋಟರ್ ಜೋಡಿ. ಅದು ಕಿಟ್‌ಗಿಂತ ಬಹಳ ದುಬಾರಿ, ಹಾಗಾಗಿ ಸೀಲ್ ಕೆಲಸಕ್ಕೆ ಹಣ ಹಾಕುವ ಮೊದಲೇ ಈ ಪರೀಕ್ಷೆ ಮಾಡಿಕೊಳ್ಳಿ. ಬೆಳಗ್ಗೆ ಸ್ಟಾರ್ಟ್ ಆಗದೆ, ಏರ್ ತೆಗೆದರೆ ಮಾತ್ರ ಆಗುತ್ತಿದ್ದರೆ ಅದು ಸೀಲ್ ಅಥವಾ ಪೈಪ್ ಜಾಯಿಂಟ್‌ನ ದೋಷ.

ಪಂಪ್ ತೊಳೆಯೋದು ಹ್ಯಾಂಗ?

ಬಿಸಿ ಪಂಪ್ ಮೇಲೆ ತಣ್ಣೀರಿನ ಧಾರೆ ಬಿಡಬಾರದು. ಓಡುವ ಎಂಜಿನ್ ಮೇಲಂತೂ ಕೂಡದು. ಹೊರಗಿನ ಭಾಗ ಒಮ್ಮೆಗೇ ಕುಗ್ಗಿ ರೋಟರ್ ಹಿಡಿಯುತ್ತದೆ. ಗದ್ದೆಯಲ್ಲಿ ಕೇಜ್ ವೀಲ್ ಓಡಿಸಿ ಬಂದು ಕಾಲುವೆ ಪಕ್ಕವೇ ಪ್ರೆಶರ್ ಪಂಪ್ ಹಿಡಿಯುವ ಅಭ್ಯಾಸ ಇರುವವರು ಇದನ್ನು ಗಮನಿಸಬೇಕು.

ಸೀಲ್ ಹಾಕಿದ ಮ್ಯಾಲೆ ಐಡ್ಲಿಂಗ್ ಏರಿಳಿತ ಆಗ್ಲಕತ್ತದ.

ಮೊದಲ ಒಂದು ಗಂಟೆ ಉಳಿದ ಗಾಳಿಯಿಂದ ಆಗಬಹುದು, ಮತ್ತೊಮ್ಮೆ ಏರ್ ತೆಗೆಯಿರಿ. ಆಮೇಲೂ ಇದ್ದರೆ ಫೀಡ್ ಕಡೆಯ ಜಾಯಿಂಟ್, ಸ್ಪ್ರಿಂಗ್ ತೂತು, ಮೀಟರಿಂಗ್ ವಾಲ್ವ್ ಕೊಂಡಿ ಸಲೀಸಾಗಿ ಆಡುತ್ತಿದೆಯೇ ಎಂಬುದು, ಈ ಕ್ರಮದಲ್ಲಿ ನೋಡಿ.

ನಮ್ಮದು ಇನ್‌ಲೈನ್ ಪಂಪ್. ಇದೇ ರೀತಿ ಮಾಡಬಹುದೇ?

ಇಲ್ಲ. ಅದರ ಕ್ಯಾಮ್ ಶಾಫ್ಟ್ ಭಾಗಕ್ಕೆ ಡೀಸೆಲ್ ಅಲ್ಲ, ಆಯಿಲ್ ಬೇಕು. ಪ್ಲಂಜರ್ ಸವೆದರೆ ಅಥವಾ ಪಂಪ್‌ಗೆ ಕೂಡಿಸಿದ ಫೀಡ್ ಪಂಪ್ ಸೋರಿದರೆ ಆ ಆಯಿಲ್‌ಗೆ ಡೀಸೆಲ್ ಬೆರೆಯುತ್ತದೆ. ಹೊರಗೆ ಸಾಮಾನ್ಯ ಸೋರಿಕೆ ಡೆಲಿವರಿ ವಾಲ್ವ್ ಹೋಲ್ಡರ್ ಬುಡದಲ್ಲಿ. ಒಂದು ಸಲಕ್ಕೆ ಒಂದೇ ಹೋಲ್ಡರ್ ಬಿಚ್ಚಿ ವಾಷರ್, ರಿಂಗ್ ಬದಲಿಸಬಹುದು. ವಾಲ್ವ್ ಮತ್ತು ಅದರ ಸೀಟ್ ಜೋಡಿ, ಒಂದರದ್ದು ಇನ್ನೊಂದಕ್ಕೆ ಸೇರಬಾರದು. ಪಕ್ಕದ ಕವರ್ ತೆಗೆದು ಒಳಗಿನ ಕ್ಲ್ಯಾಂಪ್ ಸ್ಕ್ರೂ ಮುಟ್ಟಿದರೆ ಸಿಲಿಂಡರ್‌ಗಳ ಪ್ರಮಾಣ ಹೆಚ್ಚು ಕಡಿಮೆ ಆಗುತ್ತದೆ.

ಮತ್ತೆ ಬೇಗ ಸೋರದಂತೆ ಏನು ಮಾಡಬೇಕು?

ಸೀಮೆಎಣ್ಣೆ ಬೆರೆಸಬೇಡಿ. ಅದರಲ್ಲಿ ಜಿಡ್ಡಿಲ್ಲ, ರೋಟರ್ ಸವೆಯುತ್ತದೆ. ಸೋಸಿದ ಸುಟ್ಟ ಆಯಿಲ್ ಬೆರೆಸುವುದು ಅದಕ್ಕಿಂತ ಕೆಟ್ಟದ್ದು, ಅದರ ಮಸಿ ಬಟ್ಟೆಯಲ್ಲಿ ಸೋಸಿಹೋಗದು. ಡ್ರಮ್‌ನಲ್ಲಿ ಡೀಸೆಲ್ ಇಡುವವರು ಡ್ರಮ್ ತುಸು ಓರೆಯಾಗಿಟ್ಟು, ತಳದಿಂದ ನಾಲ್ಕು ಬೆರಳು ಮೇಲಿನಿಂದ ಮಾತ್ರ ಹೀರಿಕೊಳ್ಳಿ, ನೀರು ಮತ್ತು ತುಕ್ಕು ತಳದಲ್ಲಿ ಉಳಿಯುತ್ತವೆ. ಫಿಲ್ಟರ್ ಕೆಳಗಿನ ನೀರನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿಡಿ. ಟ್ರ್ಯಾಕ್ಟರ್ ನಿಲ್ಲಿಸಿಟ್ಟ ತಿಂಗಳುಗಳಲ್ಲಿ ಟ್ಯಾಂಕ್ ತುಂಬಿಟ್ಟು, ಹದಿನೈದು ದಿನಕ್ಕೊಮ್ಮೆ ಎಂಜಿನ್ ಬಿಸಿಯಾಗುವಷ್ಟು ಓಡಿಸಿ.

ಬೆಂಚ್‌ಗೆ ಕೊಟ್ಟಾಗ ಅಂಗಡಿಯವರಿಗೆ ಏನು ಕೇಳಬೇಕು?

ಪಟ್ಟಿಯ ಸೆಟ್ಟಿಂಗ್ ಕೋಡ್‌ಗೆ ಸರಿಯಾದ ಟೆಸ್ಟ್ ಪ್ಲಾನ್ ಇಟ್ಟುಕೊಂಡು ಮಾಡುತ್ತಾರೆಯೇ ಎಂದು ಕೇಳಿ. ಟ್ರಾನ್ಸ್‌ಫರ್ ಪ್ರೆಶರ್, ಮೂರೂ ಲೈನ್‌ಗಳ ಡೆಲಿವರಿ, ಗವರ್ನರ್ ಕಟ್ ಆಫ್, ಈ ಅಂಕಿಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ತೆಗೆದ ಹಳೆ ರಿಂಗ್, ಸೀಲ್, ಬದಲಿಸಿದ ಹೆಡ್ ಇದ್ದರೆ ಅದನ್ನೂ ವಾಪಸ್ ಕೇಳಿ. "ಪವರ್ ಜಾಸ್ತಿ ಮಾಡಿಕೊಡ್ರಿ" ಎಂದು ಡೀಸೆಲ್ ಏರಿಸಲು ಹೇಳಬೇಡಿ, ಕರಿ ಹೊಗೆ ಮತ್ತು ಖರ್ಚು ಏರುತ್ತದೆ, ಪಿಸ್ಟನ್ ಸುಡುತ್ತದೆ. ನಾಝಲ್‌ಗಳನ್ನೂ ಅದೇ ದಿನ ಪರೀಕ್ಷೆಗೆ ಕೊಡಿ. ರೋಹಿಣಿ ಮಳೆ ಹತ್ತಿರ ಬಂದಾಗ ಬೆಂಚ್ ಮುಂದೆ ಪಂಪ್‌ಗಳು ಸಾಲಾಗಿರುತ್ತವೆ, ಕೆಲಸ ಅವಸರದ್ದಾಗುತ್ತದೆ. ಜೋಳದ ರಾಶಿ ಮುಗಿದ ಮಾರ್ಚ್-ಏಪ್ರಿಲ್‌ನಲ್ಲಿ ಕೊಟ್ಟರೆ ಪಂಪನ್ನು ಒಂದು ರಾತ್ರಿ ಡೀಸೆಲ್ ತುಂಬಿ ಕಾಗದದ ಮೇಲೆ ಇಟ್ಟು, ಬೆಳಗ್ಗೆ ಕಾಗದ ಒಣಗಿದೆಯೇ ನೋಡಿ ಒಯ್ಯುವಷ್ಟು ಪುರುಸೊತ್ತು ಅವರಿಗೂ ಇರುತ್ತದೆ, ನಿಮಗೂ ಇರುತ್ತದೆ.